ಗೋಪುರ ಕಟ್ಟುವ ಮುನ್ನ: ಸಭೆಯ ಸೇವಾಕಾರ್ಯಕ್ಕೊಂದು ವ್ಯವಹಾರ ಯೋಜನೆ

ಧರ್ಮಕಾರ್ಯದ ಪಕ್ಕದಲ್ಲಿ 'ವ್ಯವಹಾರ' ಎಂಬ ಪದ ಬಂದೊಡನೆ ನಮ್ಮ ಸಭೆಗಳಲ್ಲಿ ಒಂದು ಮುಜುಗರ ಹುಟ್ಟುತ್ತದೆ. ಕರ್ತನ ಕೆಲಸಕ್ಕೆ ಕರ್ತನೇ ಒದಗಿಸುವನು ಎಂದು ಒಬ್ಬರು ಹೇಳಿದರೆ, ಅಂಗಡಿಯ ಲೆಕ್ಕವನ್ನು ದೇವಾಲಯದೊಳಗೆ ತರಬಾರದೆಂದು ಇನ್ನೊಬ್ಬರು ಹೇಳುತ್ತಾರೆ. ಎರಡು ಮಾತಿನಲ್ಲೂ ಭಕ್ತಿಯಿದೆ. ಆದರೆ ಅದರ ಬೆಲೆ ತೆರುವವರು ಆ ಮಾತನ್ನಾಡಿದವರಲ್ಲ. ಹೊರಗಿನ ನೆರವು ಮೂರು ವರ್ಷಕ್ಕೆ ಮುಗಿದಾಗ ಮುಚ್ಚಿಹೋದ ಶಿಶುವಿಹಾರದ ಮಕ್ಕಳು, ಅರ್ಧಕ್ಕೆ ನಿಂತ ಹೊಲಿಗೆ ತರಬೇತಿಯ ಹೆಣ್ಣುಮಕ್ಕಳು, ಗಾಯ ತೊಳೆಯಲು ಬರುತ್ತಿದ್ದ ದಾದಿ ಇನ್ನು ಬರುವುದಿಲ್ಲವೆಂದು ಕೇಳಿಸಿಕೊಂಡ ಹಾಸಿಗೆ ಹಿಡಿದ ವೃದ್ಧರು ಅದನ್ನು ತೆರುತ್ತಾರೆ.

ಗೋಪುರ ಕಟ್ಟಿಸಬೇಕೆಂದಿರುವವನು ಮೊದಲು ಕುಳಿತು ಖರ್ಚು ಲೆಕ್ಕಿಸುವ ದೃಷ್ಟಾಂತವನ್ನು (ಲೂಕ 14:28-30) ಇಂಥ ಸಂದರ್ಭದಲ್ಲಿ ಉದಾಹರಿಸುವುದು ವಾಡಿಕೆ. ಆ ದೃಷ್ಟಾಂತ ಶಿಷ್ಯತ್ವದ ಬೆಲೆಯನ್ನು ಕುರಿತದ್ದು, ಕಟ್ಟಡ ಸಮಿತಿಗೆ ಹೇಳಿದ್ದಲ್ಲ ಎಂಬುದನ್ನು ನಾವು ಮರೆಯಬಾರದು. ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದದ್ದು ಯೆರೂಸಲೇಮಿನ ಬಡವರಿಗಾಗಿ ಪೌಲನು ಎತ್ತಿಸಿದ ಹಣದ ಪ್ರಸಂಗ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 8ನೆಯ ಅಧ್ಯಾಯದಲ್ಲಿ ಅವನು ಕೃಪೆಯನ್ನು ಕುರಿತು ಬರೆಯುತ್ತಲೇ ಆಡಳಿತಕ್ಕೆ ಇಳಿಯುತ್ತಾನೆ: ತೀತನೊಂದಿಗೆ ಇನ್ನಿಬ್ಬರು ಸಹೋದರರು ಬರುವರು, ಅವರಲ್ಲೊಬ್ಬನು ಸಭೆಗಳೇ ಆರಿಸಿದವನು, ಹಣದ ವಿಷಯದಲ್ಲಿ ಯಾರೂ ಬೆರಳು ತೋರಿಸದಂತೆ ನಡೆಯಬೇಕು. ಪೌಲನ ದೇವಶಾಸ್ತ್ರದಲ್ಲಿ ಇದು ಅಡಿಟಿಪ್ಪಣಿಯಲ್ಲ. ಕೊಡುವಿಕೆಯ ವಿವರಣೆಯ ನಡುವೆಯೇ ಬರುವ ಮಾತು.

ಕರಾವಳಿಯ ಸಭೆಗಳಿಗೆ ಇನ್ನೊಂದು ಉದಾಹರಣೆ ಮನೆಯಂಗಳದಲ್ಲೇ ಇದೆ. ಹೊಸದಾಗಿ ಸಭೆಗೆ ಸೇರಿ ಕುಲಕಸುಬನ್ನೂ ನೆಲೆಯನ್ನೂ ಕಳೆದುಕೊಂಡವರಿಗೆ ಜೀವನೋಪಾಯ ಒದಗಿಸಲು ಬಾಸೆಲ್ ಮಿಶನ್ ಹಲವು ಉದ್ಯೋಗಗಳಿಗೆ ಕೈಹಾಕಿತು. 1841ರಲ್ಲಿ ಮಂಗಳೂರಿನಲ್ಲಿ ಮುದ್ರಣಾಲಯ ಆರಂಭವಾಯಿತು. ನೇಯ್ಗೆ ನಿಂತಿತು, ಗಡಿಯಾರದ ಕೆಲಸ ಕೈಗೂಡಲಿಲ್ಲ. 1865ರಲ್ಲಿ ಜೆಪ್ಪುವಿನಲ್ಲಿ ಆರಂಭವಾದ ಹಂಚಿನ ಕಾರ್ಖಾನೆ ಮಾತ್ರ ಊರಿನ ಚಹರೆಯನ್ನೇ ಬದಲಿಸಿತು. ಅದಕ್ಕೆ ಕಾರಣ ಕೇವಲ ಶ್ರದ್ಧೆಯಲ್ಲ. ಹದವಾದ ಜೇಡಿಮಣ್ಣು ನದೀತೀರದಲ್ಲಿತ್ತು, ಸಾಗಣೆಗೆ ನೀರದಾರಿಯೂ ಬಂದರೂ ಇದ್ದವು, ಹುಲ್ಲಿನ ಮಾಡಿಗೆ ಬೆಂಕಿ ತಗುಲುವ ಭಯದಿಂದ ಹಂಚಿಗೆ ಬೇಡಿಕೆಯಿತ್ತು. ಅದಕ್ಕೂ ಮುಂಚೆ, 1859ರಲ್ಲಿ, ವ್ಯಾಪಾರಕ್ಕೆಂದು ಪ್ರತ್ಯೇಕ ಕಂಪನಿಯನ್ನೇ ಸ್ಥಾಪಿಸಿದ್ದರು. ಕಾಣಿಕೆಯ ಹಣ ಮತ್ತು ಬಂಡವಾಳ ಒಂದೇ ಚೀಲದಲ್ಲಿರಬಾರದೆಂಬ ಅರಿವು ಅದರಲ್ಲಿ ಕಾಣುತ್ತದೆ. ಆದರೆ ಒಡೆತನ ಹೊರದೇಶದಲ್ಲಿತ್ತು. ಮೊದಲ ಮಹಾಯುದ್ಧ ಬಂದಾಗ ಬ್ರಿಟಿಷ್ ಸರ್ಕಾರ ಆ ಉದ್ಯಮಗಳನ್ನು ವಶಪಡಿಸಿಕೊಂಡಿತು. ಅವು ಬಳಿಕ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ದುಡಿದ ಸಭೆಯವರಿಗೆ ಅವುಗಳ ಮೇಲೆ ಹಕ್ಕಿರಲಿಲ್ಲ. ಯಾರಿಗಾಗಿ, ಯಾವ ಬೇಡಿಕೆಯ ಆಧಾರದ ಮೇಲೆ, ಯಾರ ಹಣದಿಂದ, ಯಾರ ಒಡೆತನದಲ್ಲಿ ಎಂಬ ನಾಲ್ಕು ಪ್ರಶ್ನೆಗಳೂ ಈ ಒಂದು ಚರಿತ್ರೆಯಲ್ಲೇ ಅಡಗಿವೆ.

ಈಗ ಒಂದು ಕಲ್ಪಿತ ಸಭಾಪ್ರಾಂತವನ್ನು ತೆಗೆದುಕೊಳ್ಳೋಣ. ತಾಲೂಕು ಕೇಂದ್ರದ ಸಭೆಯೊಂದು, ಮಕ್ಕಳು ಪರವೂರು ಸೇರಿದ್ದರಿಂದ ಒಂಟಿಯಾಗಿ ಹಾಸಿಗೆ ಹಿಡಿದಿರುವ ವೃದ್ಧರಿಗೆ, ಮತಭೇದವಿಲ್ಲದೆ, ಮನೆಗೇ ಹೋಗಿ ಶುಶ್ರೂಷೆ ಮಾಡಲು ಬಯಸುತ್ತದೆ ಎನ್ನೋಣ. ಸಾಮಾನ್ಯವಾಗಿ ಇಂಥ ಯೋಜನೆಯ ಮೊದಲ ಎರಡು ಪುಟ ಸತ್ಯವೇದದ ವಾಕ್ಯಗಳಿಂದಲೂ ದೇಶದ ವೃದ್ಧರ ಅಂಕಿಸಂಖ್ಯೆಗಳಿಂದಲೂ ತುಂಬಿರುತ್ತವೆ. ಅವುಗಳಿಗಿಂತ ಆ ಊರಿನಲ್ಲಿ ಎಷ್ಟು ಮನೆಗಳಲ್ಲಿ ಇಂಥವರಿದ್ದಾರೆ, ಸರ್ಕಾರಿ ಆಸ್ಪತ್ರೆಯಿಂದ ಯಾರಾದರೂ ಈಗಾಗಲೇ ಭೇಟಿ ಕೊಡುತ್ತಿದ್ದಾರೆಯೇ ಎಂಬ ಒಂದು ಪುಟದ ವರದಿ ಹೆಚ್ಚು ಬೆಲೆಯುಳ್ಳದ್ದು. ನೆಹೆಮೀಯನು ಜನರನ್ನು ಕೂಡಿಸಿ ಮಾತಾಡುವ ಮೊದಲು ರಾತ್ರಿಯಲ್ಲಿ ಕೆಲವರೊಂದಿಗೆ ಗೋಡೆಯನ್ನು ಸುತ್ತಿ ನೋಡಿದನು.

ಆಮೇಲೆ ಲೆಕ್ಕ. ದಾದಿಯ ಸಂಬಳ ತಿಂಗಳಿಗೆ 22,000 ರೂಪಾಯಿ, ಸಹಾಯಕರಿಗೆ 15,000, ಬಾಡಿಗೆ ವಾಹನ ಮತ್ತು ಇಂಧನಕ್ಕೆ 12,000, ಔಷಧಿ ಮತ್ತು ಗಾಯದ ಬಟ್ಟೆಗೆ 8,000, ದೂರವಾಣಿ, ಲೆಕ್ಕಪತ್ರ, ಆಡಿಟ್‌ಗೆ 5,000 ಎಂದಿಟ್ಟುಕೊಂಡರೆ ಒಟ್ಟು 62,000. ದಿನಕ್ಕೆ 5 ಭೇಟಿ, ತಿಂಗಳಿಗೆ 22 ದಿನ ಎಂದರೆ 110 ಭೇಟಿ. ಒಬ್ಬರಿಗೆ ವಾರಕ್ಕೊಮ್ಮೆಯಾದರೆ ಸುಮಾರು 27 ಮಂದಿಯನ್ನು ನೋಡಿಕೊಳ್ಳಬಹುದು. ಭೇಟಿಯೊಂದಕ್ಕೆ ತಗಲುವ ವೆಚ್ಚ ಸುಮಾರು 564 ರೂಪಾಯಿ. ಈ ಕೊನೆಯ ಅಂಕಿಯನ್ನು ಸಮಿತಿಯ ಪ್ರತಿಯೊಬ್ಬರೂ ಬಾಯಿಪಾಠ ಮಾಡಿರಬೇಕೆಂಬುದು ನಮ್ಮ ಅಭಿಪ್ರಾಯ. 'ಇನ್ನೂ ಹತ್ತು ಮಂದಿಯನ್ನು ಸೇರಿಸಿಕೊಳ್ಳೋಣ' ಎಂಬ ಸದ್ಭಾವನೆಯ ಸಲಹೆ ಬಂದಾಗ ಅದು ತಿಂಗಳಿಗೆ 40 ಭೇಟಿ, ಅಂದರೆ ಸುಮಾರು 22,500 ರೂಪಾಯಿ ಎಂದು ತಕ್ಷಣ ತಿಳಿಯಬೇಕು.

ಆದಾಯದ ಕಡೆಗೆ ಬಂದರೆ, 100 ಕುಟುಂಬಗಳು ತಿಂಗಳಿಗೆ 200 ರೂಪಾಯಿಯಂತೆ ಕೊಟ್ಟರೆ 20,000. ಸೇವೆ ಪಡೆಯುವವರಲ್ಲಿ ಶಕ್ತಿಯುಳ್ಳ 9 ಮನೆಯವರು ಭೇಟಿಗೆ 300ರಂತೆ ಕೊಟ್ಟರೆ 10,800. ಸೇರಿ 30,800. ಉಳಿದ 31,200ನ್ನು ಹೊರಗಿನ ದಾನಿಯೊಬ್ಬರು ಮೂರು ವರ್ಷ ಕೊಡಲು ಒಪ್ಪಿದ್ದಾರೆ ಎನ್ನೋಣ. ಇಲ್ಲಿಗೆ ಅನೇಕ ಯೋಜನೆಗಳು ಮುಗಿದುಬಿಡುತ್ತವೆ. ನಿಜವಾದ ಯೋಜನೆ ಇಲ್ಲಿಂದಲೇ ಶುರುವಾಗುತ್ತದೆ. ನಾಲ್ಕನೆಯ ವರ್ಷ ಕೊಡುವ ಕುಟುಂಬಗಳು 150ಕ್ಕೆ ಏರಿದವು ಎಂದರೂ ಆದಾಯ 40,800. ಸಂಬಳ ಏರದಿದ್ದರೂ ಕೊರತೆ 21,200. ಬಾಡಿಗೆ ವಾಹನ ಬಿಟ್ಟು ದ್ವಿಚಕ್ರ ವಾಹನಕ್ಕೆ ಬದಲಾದರೆ 8,000 ಉಳಿದೀತು. ಆಗಲೂ 13,200 ಉಳಿಯುತ್ತದೆ. ಇದನ್ನು 'ದೇವರ ಚಿತ್ತದಿಂದ ಒದಗುವುದು' ಎಂಬ ಒಂದು ಸಾಲಿನಿಂದ ತುಂಬಬಾರದು. ನೆರೆಯ ಸಭಾಪ್ರಾಂತದೊಂದಿಗೆ ಸಿಬ್ಬಂದಿಯನ್ನು ಹಂಚಿಕೊಳ್ಳುವುದೋ, ಸಹಾಯಕರನ್ನು ಅರೆಕಾಲಿಕರನ್ನಾಗಿ ಮಾಡುವುದೋ, ಮೊದಲಿನಿಂದಲೇ 27ರ ಬದಲು 15 ಮಂದಿಗಷ್ಟೇ ತಕ್ಕ ವ್ಯವಸ್ಥೆ ಮಾಡಿಕೊಳ್ಳುವುದೋ ಎಂಬುದನ್ನು ಮೊದಲ ವರ್ಷವೇ ತೀರ್ಮಾನಿಸಬೇಕು. ಕೊನೆಯ ದಿನದವರೆಗೂ ಜೊತೆಗಿರುತ್ತೇವೆಂದು 15 ಮಂದಿಗೆ ಕೊಟ್ಟ ಮಾತು, 27 ಮಂದಿಗೆ ಕೊಟ್ಟು ತಪ್ಪಿಸಿದ ಮಾತಿಗಿಂತ ಹಿರಿದು.

ಮೀಸಲು ನಿಧಿಯ ಪ್ರಶ್ನೆಯಲ್ಲಿ ದೇವಶಾಸ್ತ್ರದ ತೊಡಕೊಂದಿದೆ. ಮೂರು ತಿಂಗಳ ಖರ್ಚನ್ನು, ನಮ್ಮ ಲೆಕ್ಕದಲ್ಲಿ 1,86,000 ರೂಪಾಯಿಯನ್ನು, ಬದಿಗಿಡಬೇಕೆಂದು ಹೇಳಿದರೆ ಕಣಜಗಳನ್ನು ದೊಡ್ಡದಾಗಿ ಕಟ್ಟಿಸಿದ ಬುದ್ಧಿಹೀನನನ್ನು (ಲೂಕ 12) ಯಾರಾದರೂ ನೆನಪಿಸುವರು. ಯೋಸೇಫನೂ ಕಣಜ ತುಂಬಿಸಿದನು. ಒಬ್ಬನು ತನ್ನ ಪ್ರಾಣಕ್ಕಾಗಿ ಕೂಡಿಟ್ಟನು, ಇನ್ನೊಬ್ಬನು ಬರಗಾಲದಲ್ಲಿ ಹಸಿಯುವವರಿಗಾಗಿ. ಆದುದರಿಂದ ಮೀಸಲು ಎಷ್ಟಿರಬೇಕು ಎಂಬುದರೊಂದಿಗೆ ಎಷ್ಟನ್ನು ಮೀರಬಾರದು, ಯಾವ ಸಂದರ್ಭದಲ್ಲಿ ಯಾರ ಒಪ್ಪಿಗೆಯಿಂದ ತೆಗೆಯಬಹುದು ಎಂಬುದನ್ನೂ ಬರೆದಿಡಬೇಕು. ಕಾನೂನೂ ಇದಕ್ಕೆ ಅಡ್ಡಿಯಲ್ಲ: ಆದಾಯ ತೆರಿಗೆ ವಿನಾಯಿತಿ ಪಡೆದ ಸಂಸ್ಥೆ ವರ್ಷದ ಆದಾಯದ ಶೇಕಡಾ 85ರಷ್ಟನ್ನು ತನ್ನ ಉದ್ದೇಶಕ್ಕೆ ವಿನಿಯೋಗಿಸಿ ಉಳಿದದ್ದನ್ನು ಇಟ್ಟುಕೊಳ್ಳಬಹುದು.

ಕಾನೂನಿನ ಉಳಿದ ವಿವರಗಳಿಗೆ ಲೆಕ್ಕಪರಿಶೋಧಕರೇ ಸರಿ. ಎರಡನ್ನು ಮಾತ್ರ ಸಭಾಪಾಲಕರು ಸ್ವತಃ ತಿಳಿದಿರಬೇಕು. ಮೊದಲನೆಯದು, ಕಾರ್ಯ ಯಾರ ಹೆಸರಿನಲ್ಲಿದೆ? ಟ್ರಸ್ಟ್ ಆಗಬಹುದು, 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘವಾಗಬಹುದು, 2013ರ ಕಂಪನಿ ಕಾಯ್ದೆಯ 8ನೆಯ ಪ್ರಕರಣದ ಕಂಪನಿಯಾಗಬಹುದು, ಅಥವಾ ಧರ್ಮಪ್ರಾಂತದ್ದೇ ಒಂದು ವಿಭಾಗವಾಗಿರಬಹುದು. ಹೊಸ ಸಂಘವನ್ನು ನೋಂದಾಯಿಸಿದ ಮಾತ್ರಕ್ಕೆ ಸಭೆಯ ಜಾಗ ಅದರದ್ದಾಗುವುದಿಲ್ಲ. ಬಳಕೆಗೆ ಲಿಖಿತ ಒಪ್ಪಂದ ಬೇಕು. ಎರಡನೆಯದು ವಿದೇಶಿ ಹಣ. 2010ರ ವಿದೇಶಿ ದೇಣಿಗೆ (ನಿಯಂತ್ರಣ) ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಒಂದು ರೂಪಾಯಿಯನ್ನೂ ಪಡೆಯಲಾಗದು. ದುಬೈಯಲ್ಲಿ ದುಡಿಯುವ, ಭಾರತದ ಪಾಸ್‌ಪೋರ್ಟ್ ಇರುವ ಸಭಾಸದಸ್ಯರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದ್ದು ವಿದೇಶಿ ದೇಣಿಗೆಯಲ್ಲ. ಕೆನಡಾದ ಪೌರತ್ವ ಪಡೆದ ಅವರ ಅಣ್ಣ ಕಳುಹಿಸಿದರೆ ಅದು ವಿದೇಶಿ ದೇಣಿಗೆಯೇ. 2020ರ ತಿದ್ದುಪಡಿಯ ಬಳಿಕ ಇಂಥ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಒಂದು ಸಂಸ್ಥೆ ಇನ್ನೊಂದಕ್ಕೆ ಅದನ್ನು ವರ್ಗಾಯಿಸುವಂತಿಲ್ಲ, ಆಡಳಿತ ವೆಚ್ಚ ಶೇಕಡಾ 20ನ್ನು ಮೀರುವಂತಿಲ್ಲ. ಹಿಂದೆ ದೊಡ್ಡ ಸಂಸ್ಥೆಯೊಂದು ಪಡೆದು ಸಣ್ಣ ಸಭೆಗಳಿಗೆ ಹಂಚುತ್ತಿದ್ದ ದಾರಿ ಹೀಗೆ ಮುಚ್ಚಿದೆ. ಹಳೆಯ ಯೋಜನೆಯ ಪ್ರತಿಯನ್ನು ನೋಡಿ ಬರೆಯುವವರು ಇಲ್ಲಿ ಎಡವುತ್ತಾರೆ.

ಇನ್ನು ಬರೆಯುವವರು ಯಾರು? ಇಂಗ್ಲಿಷ್ ಬಲ್ಲ ಸಭಾಪಾಲಕರು ರಾತ್ರಿ ಕುಳಿತು ಒಬ್ಬರೇ ಬರೆದು, ಸಮಿತಿಯಿಂದ ಸಹಿ ಹಾಕಿಸುವುದು ನಾವು ಹೆಚ್ಚಾಗಿ ಕಾಣುವ ಪದ್ಧತಿ. ಅವರಿಗೆ ವರ್ಗಾವಣೆಯಾಗುತ್ತದೆ, ಯೋಜನೆ ಅವರ ಪೆಟ್ಟಿಗೆಯೊಂದಿಗೆ ಹೋಗುತ್ತದೆ. ಹೊಸದಾಗಿ ಬಂದವರಿಗೆ ತಮ್ಮದೇ ಇನ್ನೊಂದು ದರ್ಶನವಿರುತ್ತದೆ. ಅಪೊಸ್ತಲರ ಕೃತ್ಯಗಳು 6ರಲ್ಲಿ ಹಂಚಿಕೆಯ ಕೆಲಸವನ್ನು ಏಳು ಮಂದಿಗೆ ಒಪ್ಪಿಸಿದ್ದನ್ನು ನಾವು ಸಭಾಪಾಲಕರ ಹೊರೆ ಇಳಿಸುವ ಮಾತೆಂದು ಮಾತ್ರ ಬೋಧಿಸುತ್ತೇವೆ. ಅಲ್ಲಿ ಕಡೆಗಣಿಸಲ್ಪಟ್ಟಿದ್ದ ವಿಧವೆಯರ ದೃಷ್ಟಿಯಿಂದ ನೋಡಿದರೆ ಅದು ನಿರಂತರತೆಯ ಏರ್ಪಾಡೂ ಹೌದು. ಆದುದರಿಂದ ಯೋಜನೆಯ ಮೂಲಪ್ರತಿ ಕನ್ನಡದಲ್ಲಿರಲಿ, ದಾನಿಗೆ ಬೇಕಾದರೆ ಅನುವಾದವಾಗಲಿ. ಖಜಾಂಚಿ, ಸ್ತ್ರೀಯರ ಅನ್ಯೋನ್ಯ ಕೂಟದವರು, ಸೇವೆ ಪಡೆಯುವ ಮನೆಗಳಲ್ಲಿ ಒಂದೆರಡರ ಪ್ರತಿನಿಧಿಗಳು ಕರಡನ್ನು ಗಟ್ಟಿಯಾಗಿ ಓದಿಸಿ ಕೇಳಲಿ. ಅವರಿಗೆ ಅರ್ಥವಾಗದ ಸಾಲು ಸಾಮಾನ್ಯವಾಗಿ ಬರೆದವರಿಗೂ ಅರ್ಥವಾಗಿರುವುದಿಲ್ಲ. ಬ್ಯಾಂಕ್ ಖಾತೆಗೆ ಕನಿಷ್ಠ ಇಬ್ಬರ ಸಹಿಯಿದ್ದು, ಅವರಲ್ಲೊಬ್ಬರಾದರೂ ವರ್ಗವಾಗಿ ಹೋಗದವರಾಗಿರಲಿ.

ಮೂರು ತಿಂಗಳಿಗೊಮ್ಮೆ ಭೇಟಿಗಳ ಸಂಖ್ಯೆ, ಖರ್ಚು, ಕೊರತೆ ಎಂಬ ಮೂರೇ ಅಂಕಿಗಳನ್ನು ಆರಾಧನೆಯ ಪ್ರಕಟಣೆಗಳೊಂದಿಗೆ ಓದಿಸಿ, ದೇವಾಲಯದ ಫಲಕಕ್ಕೂ ಅಂಟಿಸಬೇಕು. ಎರಡು ತ್ರೈಮಾಸಿಕ ಸತತವಾಗಿ ಕೊರತೆ ಅಂದಾಜನ್ನು ಮೀರಿದರೆ ಹೊಸ ರೋಗಿಗಳನ್ನು ಸೇರಿಸಿಕೊಳ್ಳುವುದನ್ನು ನಿಲ್ಲಿಸಬೇಕೆಂಬ ನಿಯಮವೂ, ಒಂದು ವೇಳೆ ಕಾರ್ಯವನ್ನು ಮುಚ್ಚಲೇಬೇಕಾದರೆ ಈಗಿರುವ ಪ್ರತಿಯೊಬ್ಬರನ್ನೂ ಯಾವ ಆಸ್ಪತ್ರೆಗೆ, ಯಾವ ಮನೆಗೆ, ಎಷ್ಟು ತಿಂಗಳ ಮುನ್ಸೂಚನೆಯೊಂದಿಗೆ ಒಪ್ಪಿಸಲಾಗುವುದೆಂಬ ಒಂದು ಪುಟವೂ ಯೋಜನೆಯಲ್ಲಿ ಇರತಕ್ಕದ್ದು. ಆ ಪುಟವನ್ನು ಬರೆಯುವುದು ಅಪಶಕುನವೆಂದು ಸಮಿತಿಯಲ್ಲಿ ಯಾರಾದರೂ ಹೇಳಬಹುದು. ಮೊದಲ ದಾದಿಯನ್ನು ನೇಮಿಸುವ ಮುಂಚೆಯೇ ಅದನ್ನು ಬರೆದು ಮುಗಿಸಬೇಕು.