ಗರ್ಭಕಂಠದ ಕ್ಯಾನ್ಸರಿನ ಪತ್ತೆಯಲ್ಲಿ ಪಿ-16 ಪ್ರೋಟೀನಿನ ಸಾಕ್ಷ್ಯ

ಗರ್ಭಕಂಠದ ಕ್ಯಾನ್ಸರು ಒಮ್ಮೆಗೇ ತಲೆದೋರುವ ವ್ಯಾಧಿಯಲ್ಲ. ಬಹುತೇಕ ಎಲ್ಲ ಪ್ರಸಂಗಗಳಲ್ಲಿಯೂ ಅದರ ಮೂಲ ಹ್ಯೂಮನ್ ಪ್ಯಾಪಿಲೋಮ ವೈರಸ್ಸಿನ ಸೋಂಕು. ಜರ್ಮನಿಯ ಹಾರಲ್ಡ್ ತ್ಸುರ್ ಹೌಸೆನ್ ಮತ್ತು ಅವರ ಸಹೋದ್ಯೋಗಿಗಳು ಈ ವೈರಸ್ಸಿನ 16ನೆಯ ಬಗೆಯನ್ನು 1983ರಲ್ಲಿಯೂ 18ನೆಯದನ್ನು 1984ರಲ್ಲಿಯೂ ಕ್ಯಾನ್ಸರ್ ಗೆಡ್ಡೆಗಳಲ್ಲಿ ಗುರುತಿಸಿದರು. ಆದರೆ ಸೋಂಕು ತಗುಲಿದವರಲ್ಲಿ ಹೆಚ್ಚಿನವರು ಒಂದೆರಡು ವರ್ಷಗಳಲ್ಲಿ ತಾವಾಗಿಯೇ ಅದರಿಂದ ಮುಕ್ತರಾಗುತ್ತಾರೆ; ಕೆಲವರಲ್ಲಿ ಮಾತ್ರ ಅದು ಬೇರೂರಿ, ಹಲವು ವರ್ಷಗಳ ತರುವಾಯ ಕ್ಯಾನ್ಸರಿಗೆ ಕಾರಣವಾಗುತ್ತದೆ. ಈ ಕೆಲವರನ್ನು ಬೇರ್ಪಡಿಸಿ ತಿಳಿಯುವುದು ಹೇಗೆ? ಇದಕ್ಕೆ ನೆರವಾಗುವ ಪಿ-16 ಎಂಬ ಪ್ರೋಟೀನಿನ ವಿಚಾರವನ್ನು ನಾವು ಇಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇವೆ.

ಆರೋಗ್ಯವಾದ ಜೀವಕಣದಲ್ಲಿ ಆರ್‌ಬಿ ಎಂಬ ಪ್ರೋಟೀನು ವಿಭಜನೆಯನ್ನು ತಡೆದು ನಿಲ್ಲಿಸುತ್ತದೆ. ಸಿಡಿಕೆ-4 ಮತ್ತು ಸಿಡಿಕೆ-6 ಎಂಬ ಕಿಣ್ವಗಳು ಈ ತಡೆಯನ್ನು ಸಡಿಲಿಸುತ್ತವೆ. ಪಿ-16 ಆ ಕಿಣ್ವಗಳನ್ನು ಹತ್ತಿಕ್ಕುತ್ತದೆ. ಎಂದರೆ ಪಿ-16 ಸ್ವಭಾವತಃ ವಿಭಜನೆಗೆ ವಿರೋಧಿ. ಹೀಗಿದ್ದೂ ಕ್ಯಾನ್ಸರಿನತ್ತ ಸಾಗಿದ ಜೀವಕಣಗಳಲ್ಲಿ ಅದು ಹೇರಳವಾಗಿ ಕಾಣಿಸುವುದೇಕೆ? ವೈರಸ್ಸಿನ ಇ-7 ಪ್ರೋಟೀನು ಆರ್‌ಬಿಯನ್ನೇ ಹಿಡಿದು ನಾಶಮಾಡುತ್ತದೆ. ಆಗ ಜೀವಕಣವು ಪಿ-16ನ್ನು ಹೆಚ್ಚುಹೆಚ್ಚಾಗಿ ಉತ್ಪಾದಿಸುತ್ತದೆ. ಆದರೆ ಅದು ಕಾಯಬೇಕಾದ ತಡೆಯೇ ಅಲ್ಲಿ ಉಳಿದಿರುವುದಿಲ್ಲ. ಏರಿ ಒಡೆದ ಕೆರೆಯ ತೂಬನ್ನು ಎಷ್ಟು ಬಿಗಿಯಾಗಿ ಮುಚ್ಚಿದರೇನು ಫಲ? ಹೀಗೆ ಪಿ-16ರ ಆಧಿಕ್ಯವು ವೈರಸ್ಸು ಜೀವಕಣದ ಆಡಳಿತವನ್ನು ಕೈವಶಮಾಡಿಕೊಂಡಿದೆಯೆಂಬುದಕ್ಕೆ ಸಾಕ್ಷಿಯಾಗುತ್ತದೆ.

ಆದರೂ ಈ ಒಂದೇ ಸಾಕ್ಷಿಯನ್ನು ನೆಚ್ಚುವಂತಿಲ್ಲ. ಮುಪ್ಪಾಗಿ ವಿಭಜನೆ ನಿಲ್ಲಿಸಿದ ಜೀವಕಣಗಳಲ್ಲಿಯೂ ಪಿ-16 ಹೆಚ್ಚಬಹುದು. ಆದಕಾರಣ ಕೆಐ-67 ಎಂಬ ಇನ್ನೊಂದು ಪ್ರೋಟೀನನ್ನೂ ಜೊತೆಯಲ್ಲಿ ಪರೀಕ್ಷಿಸುತ್ತಾರೆ. ಇದು ವಿಭಜನೆಯಲ್ಲಿ ತೊಡಗಿರುವ ಜೀವಕಣಗಳಲ್ಲಿ ಮಾತ್ರ ಇರತಕ್ಕದ್ದು. ಒಂದು ನಿಲುಗಡೆಯ ಗುರುತು, ಮತ್ತೊಂದು ಚಲನೆಯ ಗುರುತು. ಇವೆರಡೂ ಒಂದೇ ಜೀವಕಣದಲ್ಲಿ ಕೂಡಿ ಕಂಡರೆ ನಿಯಂತ್ರಣ ಕೆಟ್ಟಿದೆಯೆಂದು ಊಹಿಸಬಹುದು. ಪ್ರತಿಕಾಯಗಳ ಸಹಾಯದಿಂದ ಎರಡಕ್ಕೂ ಬೇರೆಬೇರೆ ಬಣ್ಣ ಕೊಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುವ ಈ ವಿಧಾನಕ್ಕೆ ಅಮೆರಿಕದಲ್ಲಿ 2020ರಲ್ಲಿ ಅನುಮತಿ ದೊರೆಯಿತು. ಸೋಂಕಿರುವವರಲ್ಲಿ ಯಾರಿಗೆ ಹೆಚ್ಚಿನ ತಪಾಸಣೆ ಬೇಕೆಂಬುದನ್ನು ಇದು ಸೂಚಿಸುತ್ತದೆ. ಕೊನೆಯ ನಿರ್ಣಯಕ್ಕೆ ಅಂಗಾಂಶದ ಪರೀಕ್ಷೆ ಅವಶ್ಯಕ.

ಭಾರತದಲ್ಲಿ 2022ರ ಅಂದಾಜಿನಂತೆ ಸುಮಾರು 1,27,000 ಸ್ತ್ರೀಯರಿಗೆ ಈ ರೋಗ ಹೊಸದಾಗಿ ತಗುಲಿತು. ಸುಮಾರು 80,000 ಮಂದಿ ಅದರಿಂದ ಮೃತರಾದರು. ರೋಗವು ವರ್ಷಗಟ್ಟಲೆ ಅವಕಾಶ ಕೊಟ್ಟು ಬರುವಂಥದ್ದೆಂಬುದನ್ನು ನೆನೆದರೆ ಈ ಸಂಖ್ಯೆಗಳು ಇನ್ನಷ್ಟು ದುಃಖಕರವಾಗುತ್ತವೆ. 35ನೆಯ ವಯಸ್ಸಿನೊಳಗೆ ಒಮ್ಮೆ, 45ರೊಳಗೆ ಮತ್ತೊಮ್ಮೆ, ನೂರಕ್ಕೆ 70 ಸ್ತ್ರೀಯರಿಗಾದರೂ ಉತ್ತಮ ಪರೀಕ್ಷೆ ನಡೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಗುರಿಯಿಟ್ಟಿತು. ಪಿ-16ರ ಸಾಕ್ಷ್ಯ ಎಷ್ಟೇ ಸ್ಪಷ್ಟವಾಗಿರಲಿ, ಪರೀಕ್ಷೆಗೆ ಬಾರದವಳ ಪಾಲಿಗೆ ಅದು ಮೂಕಸಾಕ್ಷಿಯಾಗಿಯೇ ಉಳಿಯುತ್ತದೆ.