ಮೊಬೈಲಿನ ಕಾರ್ಯಾಚರಣ ವ್ಯವಸ್ಥೆಗೆ ಬೇಕಾದುದೇನು?

ನಮ್ಮ ಕಡೆಯ ನಾಲ್ಕು ಊರುಗಳ ಹೆಸರುಗಳನ್ನು ತೆಗೆದುಕೊಳ್ಳೋಣ: ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ಇವನ್ನು ಕಾಗದದ ಮೇಲೆ ಬರೆಯುವುದು ಮೂರನೆಯ ಇಯತ್ತೆಯ ಬಾಲಕನಿಗೂ ಕಷ್ಟವಲ್ಲ. ಆದರೆ 2010ರ ಸುಮಾರಿನಲ್ಲಿ ಪೇಟೆಯಲ್ಲಿ ದೊರೆಯುತ್ತಿದ್ದ ಬಹುಪಾಲು ಆಂಡ್ರಾಯ್ಡ್ ಫೋನುಗಳಿಗೆ ಇವುಗಳಲ್ಲಿ ಒಂದನ್ನಾದರೂ ತೋರಿಸಲು ಬರುತ್ತಿರಲಿಲ್ಲ. ಅಕ್ಷರಗಳಿರಬೇಕಾದ ಎಡೆಯಲ್ಲಿ ಬರಿಯ ಚೌಕಗಳು ಸಾಲಾಗಿ ನಿಲ್ಲುತ್ತಿದ್ದುವು. ಫೋನು ಕೆಟ್ಟಿತ್ತೆ? ಇಲ್ಲ. ಕೊರತೆಯಿದ್ದುದು ಅದರೊಳಗಿನ ಕಾರ್ಯಾಚರಣ ವ್ಯವಸ್ಥೆಯಲ್ಲಿ. ಇಂಥ ವ್ಯವಸ್ಥೆಯೊಂದು ಹೆಚ್ಚು ಜನರನ್ನು ಒಲಿಸಿಕೊಳ್ಳಬೇಕಾದರೆ ಅದರಲ್ಲಿ ಏನೇನಿರಬೇಕೆಂಬ ವಿಚಾರವನ್ನು ನಾವು ಈ ಚೌಕಗಳಿಂದಲೇ ಆರಂಭಿಸುವುದು ಉಚಿತ.

ಕಾರ್ಯಾಚರಣ ವ್ಯವಸ್ಥೆಯೆಂದರೆ ಯಂತ್ರಕ್ಕೂ ನಾವು ಬಳಸುವ ಆ್ಯಪ್‌ಗಳಿಗೂ ನಡುವೆ ನಿಂತು ಕೆಲಸ ನಡೆಸುವ ಮೂಲ ತಂತ್ರಾಂಶ. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿರುವ ಅಣೆಕಟ್ಟನ್ನು ವಾಚಕರಲ್ಲಿ ಹಲವರು ನೋಡಿರಬಹುದು. ಜಲಾಶಯದ ನೀರು ಒಂದೇ, ಹೊಲಗಳು ಅನೇಕ. ಸರದಿಯಂತೆ ನೀರು ಹಂಚುವ ಏರ್ಪಾಡಿಲ್ಲದಿದ್ದರೆ ಮೇಲಿನವನ ಹೊಲ ಕೆಸರಾಗುವುದು, ಕೆಳಗಿನವನದು ಒಣಗುವುದು. ಅದರಂತೆಯೇ ಸಂಸ್ಕಾರಕದ ವೇಳೆಯನ್ನೂ ಸ್ಮೃತಿಯ ಸ್ಥಳವನ್ನೂ ಬ್ಯಾಟರಿಯ ವಿದ್ಯುತ್ತನ್ನೂ ಆ್ಯಪ್‌ಗಳಿಗೆ ಹಂಚಿಕೊಡುವುದು ಈ ವ್ಯವಸ್ಥೆಯ ಹೊಣೆ. ಪರದೆಯ ಮೇಲೆ ಅಕ್ಷರ ಮೂಡಿಸುವ ಕೆಲಸವನ್ನೂ ಆ್ಯಪ್‌ಗಳು ಸಾಮಾನ್ಯವಾಗಿ ಅದಕ್ಕೇ ಒಪ್ಪಿಸುತ್ತವೆ. ಆದುದರಿಂದ ವ್ಯವಸ್ಥೆಗೆ ಕನ್ನಡ ಬಾರದಿದ್ದರೆ ಸಾವಿರ ಆ್ಯಪ್‌ಗಳಿಗೂ ಬಾರದು. ಅದೊಂದು ಕಲಿತರೆ ಎಲ್ಲವೂ ಕಲಿತಂತೆ.

ಕಲಿಯುವುದರಲ್ಲಿ ಅಂಥ ಕಷ್ಟವೇನು? ಫೋನಿನೊಳಗೆ ಅಕ್ಷರವೆಂಬುದಿಲ್ಲ, ಅಂಕಿಗಳು ಮಾತ್ರ. ಯುನಿಕೋಡ್ ಎಂಬ ಜಾಗತಿಕ ಸಂಕೇತಕ್ರಮದಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ 3200ರಿಂದ 3327ರವರೆಗಿನ 128 ಸ್ಥಾನಗಳು ಮೀಸಲಾಗಿವೆ. ರಾಮದುರ್ಗದ ಕೊನೆಯ ‘ರ್ಗ’ವನ್ನು ನೋಡಿರಿ. ನಾವು ಉಚ್ಚರಿಸುವ ಕ್ರಮದಲ್ಲಿಯೇ ಅದು ಸಂಗ್ರಹವಾಗುತ್ತದೆ: ‘ರ’ಕ್ಕೆ 3248, ಸ್ವರವನ್ನು ಕಳೆಯುವ ಹಲಂತ ಚಿಹ್ನೆಗೆ 3277, ‘ಗ’ಕ್ಕೆ 3223. ಆದರೆ ಬರವಣಿಗೆಯಲ್ಲಿ ಮೊದಲು ಬರುವುದು ಗಕಾರ. ರಕಾರವು ಅರ್ಕಾವೊತ್ತಿನ ರೂಪ ತಾಳಿ ಅದರ ಹಿಂದೆ ಬಂದು ನಿಲ್ಲುತ್ತದೆ. ಎಂದರೆ ಕಿವಿಯ ಕ್ರಮ ಬೇರೆ, ಕಣ್ಣಿನ ಕ್ರಮ ಬೇರೆ. ಸವದತ್ತಿಯ ಸಂಗತಿ ಇನ್ನೂ ಸ್ವಾರಸ್ಯವಾದುದು. ಅಲ್ಲಿ ಇಕಾರವನ್ನು ನಾವು ಉಚ್ಚರಿಸುವುದು ಎರಡೂ ತಕಾರಗಳಾದ ಮೇಲೆ. ಬರೆಯುವಾಗಲಾದರೋ ಗುಡಿಸು ಮೊದಲನೆಯ ತಕಾರದ ತಲೆಯನ್ನೇರುತ್ತದೆ, ಎರಡನೆಯ ತಕಾರ ಒತ್ತಾಗಿ ಕೆಳಗಿಳಿಯುತ್ತದೆ. ಇಂಗ್ಲಿಷ್ ಅಕ್ಷರಗಳಿಗೆ ಈ ಗೊಡವೆಯಿಲ್ಲ. ಒಂದರ ಪಕ್ಕದಲ್ಲಿ ಒಂದನ್ನಿಟ್ಟರೆ ಮುಗಿಯಿತು. ಆದುದರಿಂದ ಕನ್ನಡಕ್ಕೆ ಅಕ್ಷರಗಳ ಚಿತ್ರಗಳನ್ನು, ಅಂದರೆ ಫಾಂಟನ್ನು, ಕೊಟ್ಟರಷ್ಟೇ ಸಾಲದು. ಅಂಕಿಗಳ ಸಾಲನ್ನು ಓದಿ, ಯಾವುದು ಯಾವುದರೊಡನೆ ಕೂಡಬೇಕು, ಯಾವುದು ಎಲ್ಲಿಗೆ ಸರಿಯಬೇಕು ಎಂದು ತೀರ್ಮಾನಿಸಿ ಜೋಡಿಸುವ ತಂತ್ರಾಂಶವೂ ಬೇಕು. ಹಾರ್ಫ್‌ಬಜ್ ಎಂಬುದು ಇಂಥ ಒಂದು ಮುಕ್ತ ತಂತ್ರಾಂಶ. ಆಂಡ್ರಾಯ್ಡ್ ಬಳಸುವುದು ಇದನ್ನೇ.

ಮೊದಲ ಆಂಡ್ರಾಯ್ಡ್ ಫೋನು ಮಾರಾಟಕ್ಕೆ ಬಂದುದು 2008ರಲ್ಲಿ. ಕನ್ನಡ ಲಿಪಿಯನ್ನು ತೋರಿಸುವ ಸಾಮರ್ಥ್ಯ ಅದಕ್ಕೆ ಅಧಿಕೃತವಾಗಿ ದೊರೆತುದು 2012ರ 4.1ನೆಯ ಆವೃತ್ತಿಯಲ್ಲಿ, ತೆಲುಗು ಮಲಯಾಳಗಳ ಜೊತೆಗೆ. ನಡುವಣ ಕಾಲದಲ್ಲಿ ಓಪೆರಾ ಮಿನಿ ಎಂಬ ಬ್ರೌಸರು ಒಂದು ಉಪಾಯ ಹೂಡಿತ್ತು. ಅದರೊಳಗಿನ ಒಂದು ಗುಂಡಿಯನ್ನು ಬದಲಿಸಿದರೆ, ದೂರದ ಸರ್ವರಿನಲ್ಲಿಯೇ ಕನ್ನಡ ಪದಗಳ ಚಿತ್ರ ತೆಗೆದು ಫೋನಿಗೆ ಕಳುಹಿಸುತ್ತಿತ್ತು. ಹೀಗೆ ಬಂದ ಪುಟವನ್ನು ಓದಬಹುದಾಗಿತ್ತೇ ಹೊರತು ಅದರಿಂದ ಒಂದು ಪದವನ್ನು ಎತ್ತಿಕೊಳ್ಳುವಂತಿರಲಿಲ್ಲ. ಆದರೂ ಕನ್ನಡ ಓದಲು ಬೇರೆ ದಾರಿಯಿಲ್ಲದವರಿಗೆ ಅದೇ ಭಾಗ್ಯವೆನಿಸಿತ್ತು. ಫೋನಿನ ಆಜ್ಞೆಗಳೂ ಪಟ್ಟಿಗಳೂ ಕನ್ನಡವಾದುದು 2014ರಲ್ಲಿ, ಆಂಡ್ರಾಯ್ಡಿನ 5.0ನೆಯ ಆವೃತ್ತಿಯಿಂದ. ಐಫೋನಾದರೋ ತನ್ನದೇ ಕನ್ನಡ ಕೀಲಿಮಣೆಯನ್ನು ಕೊಟ್ಟುದು 2017ರಲ್ಲಿ, ತಾನು ಹುಟ್ಟಿ ಹತ್ತು ವರ್ಷವಾದ ಮೇಲೆ!

ಹಾಗಾದರೆ ಲಿಪಿ ಸರಿಯಾಗಿದ್ದರೆ ಜನ ಬರುವರೇ? ಅಷ್ಟು ಸುಲಭವಲ್ಲ. ಬೈಲಹೊಂಗಲದ ಪೇಟೆಗೆ ಸುತ್ತಣ ಹಳ್ಳಿಗಳ ಜನ ಬರುವುದೇಕೆ? ಅಲ್ಲಿ ಅಂಗಡಿಗಳಿವೆ. ಅಂಗಡಿಗಳಿರುವುದೇಕೆ? ಜನ ಬರುತ್ತಾರೆ. ಮೊಬೈಲಿನ ಲೋಕದಲ್ಲಿಯೂ ಆ್ಯಪ್ ರಚಿಸುವವರು ಬಳಸುವವರನ್ನು ಕಾಯುತ್ತಾರೆ, ಬಳಸುವವರು ಆ್ಯಪ್‌ಗಳನ್ನು ಕಾಯುತ್ತಾರೆ. ಮೈಕ್ರೋಸಾಫ್ಟಿನಂಥ ಧನಾಢ್ಯ ಸಂಸ್ಥೆಯೇ ಈ ಸುಳಿಯಲ್ಲಿ ಸಿಕ್ಕಿಕೊಂಡಿತು. 2010ರಲ್ಲಿ ಬಂದ ಅದರ ವಿಂಡೋಸ್ ಫೋನು ನೋಟಕ್ಕೆ ಚೆಲುವಾಗಿತ್ತು, ಅಗ್ಗದ ಯಂತ್ರದಲ್ಲಿಯೂ ಚುರುಕಾಗಿ ಓಡುತ್ತಿತ್ತು. ಬೇಕಾದ ಆ್ಯಪ್‌ಗಳು ಮಾತ್ರ ಬರಲಿಲ್ಲ, ಬಂದವು ತಡವಾಗಿ ಬಂದುವು. ಒಂದು ಯೂಟ್ಯೂಬಿಗಾಗಿ 2013ರಲ್ಲಿ ಗೂಗಲಿಗೂ ಮೈಕ್ರೋಸಾಫ್ಟಿಗೂ ವ್ಯಾಜ್ಯವೇ ನಡೆಯಿತು. 2020ರ ಆರಂಭಕ್ಕೆ ಆ ವ್ಯವಸ್ಥೆಯ ಕಥೆ ಮುಗಿದಿತ್ತು.

ನಮ್ಮ ದೇಶದ ಪ್ರಯತ್ನಗಳನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಮುಂಬಯಿಯ ಐಐಟಿಯಲ್ಲಿ ಕಲಿತ ತರುಣರು ಕಟ್ಟಿದ ಇಂಡಸ್ ಎಂಬ ವ್ಯವಸ್ಥೆ 2015ರಲ್ಲಿ ಮೈಕ್ರೋಮ್ಯಾಕ್ಸ್ ಫೋನುಗಳಲ್ಲಿ ಬಂದಿತು. ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳನ್ನು ಅದು ತನ್ನ ಹೆಗ್ಗಳಿಕೆಯಾಗಿಸಿಕೊಂಡಿತ್ತು. ಆಂಡ್ರಾಯ್ಡಿನ ಬುನಾದಿಯ ಮೇಲೆಯೇ ನಿಂತುದರಿಂದ ಆ್ಯಪ್‌ಗಳ ಬರ ಅದನ್ನು ಕಾಡಲಿಲ್ಲ. ಆದರೆ ಅದೇ ಭಾಷೆಗಳು ಆಂಡ್ರಾಯ್ಡಿನಲ್ಲಿಯೇ ದೊರೆಯತೊಡಗಿದಾಗ ಬೇರೊಂದನ್ನು ಆರಿಸಿಕೊಳ್ಳುವ ಕಾರಣ ಜನಕ್ಕೆ ಉಳಿಯಲಿಲ್ಲವೆಂದು ನಮ್ಮ ಅಭಿಪ್ರಾಯ. 2017ರ ಜಿಯೋಫೋನು ಬೇರೆ ದಾರಿ ಹಿಡಿಯಿತು. ಮರಳಿಸುವ ಠೇವಣಿಯೆಂದು 1500 ರೂಪಾಯಿ ಕೊಟ್ಟರೆ ಕೀಲಿಗಳುಳ್ಳ 4ಜಿ ಫೋನು. ಒಳಗೆ ಕಾಯ್‌ಓಎಸ್ ಎಂಬ ಹಗುರ ವ್ಯವಸ್ಥೆ. ಬೆಲೆಯಿಂದ ಅದು ಲಕ್ಷಾಂತರ ಜನರನ್ನು ಸೆಳೆಯಿತು. ಹಾಗಿದ್ದೂ ಮರುವರ್ಷ ವಾಟ್ಸಾಪನ್ನು ತರಲೇಬೇಕಾಯಿತು.

2023ರ ಜನವರಿಯಲ್ಲಿ ಮದರಾಸಿನ ಐಐಟಿಯ ಆಶ್ರಯದಲ್ಲಿ ಬೆಳೆದ ಸಂಸ್ಥೆಯೊಂದು ಭಾರ್‌ಓಎಸ್ ಎಂಬ ವ್ಯವಸ್ಥೆಯನ್ನು ಪ್ರಕಟಿಸಿದೆ. ಬಳಸುವವನು ಕೇಳದ ಆ್ಯಪ್‌ಗಳನ್ನು ಮೊದಲೇ ತುಂಬಿಸಿಕೊಡುವುದಿಲ್ಲವೆಂಬುದು ಅದರ ವಿಶೇಷ. ಗುಟ್ಟು ಕಾಯ್ದುಕೊಳ್ಳಬಯಸುವವರಿಗೆ ಇದು ಒಳ್ಳೆಯದೇ. ಆದರೆ ರಾಮದುರ್ಗದ ಒಬ್ಬ ರೈತ ಇಂಥ ಹೊಸ ಫೋನು ಕೊಂಡನೆನ್ನೋಣ. 2020ರಿಂದ ನಮ್ಮ ರಾಜ್ಯದಲ್ಲಿ ರೈತರು ತಮ್ಮ ಹೊಲದಲ್ಲಿ ನಿಂತು ಬೆಳೆಯ ಚಿತ್ರವನ್ನೂ ವಿವರವನ್ನೂ ತಾವೇ ದಾಖಲಿಸಲು ಬೆಳೆ ಸಮೀಕ್ಷೆಯ ಆ್ಯಪ್ ಇದೆ. ಪಹಣಿಯಲ್ಲಿ ಯಾವ ಬೆಳೆ ನಮೂದಾಗಬೇಕೆಂಬುದು, ಅದರ ಮೇಲೆ ವಿಮೆ, ಪರಿಹಾರಗಳ ಲೆಕ್ಕ, ಇದಕ್ಕೆ ಹೊಂದಿಕೊಂಡಿವೆ. ಆ ಆ್ಯಪ್ ರಚಿತವಾದುದು ಆಂಡ್ರಾಯ್ಡಿಗಾಗಿ. ಆಂಡ್ರಾಯ್ಡಿನ ಮುಕ್ತ ಸಂಕೇತದಿಂದಲೇ ಹುಟ್ಟಿದ ವ್ಯವಸ್ಥೆಯಲ್ಲಿ ಅದು ಓಡಬಹುದು. ಆದರೆ ಅನೇಕ ಬ್ಯಾಂಕುಗಳ ಆ್ಯಪ್‌ಗಳು, ಫೋನಿನೊಳಗಿನ ವ್ಯವಸ್ಥೆ ಗೂಗಲಿನ ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆಯೆ ಎಂದು ನೋಡಿ, ಆಗದಿದ್ದರೆ ಬಾಗಿಲು ತೆರೆಯಲೊಲ್ಲವು. ದುಡ್ಡಿನ ವ್ಯವಹಾರ ನಡೆಯದ ಫೋನನ್ನು ಸಂತೆಗೆ ಒಯ್ದು ಏನು ಮಾಡುವುದು?

ಇನ್ನೊಂದು ಸಂಗತಿಯಿದೆ, ಕೊಳ್ಳುವವರು ಅಂಗಡಿಯಲ್ಲಿ ಕೇಳುವುದೇ ವಿರಳ. ವ್ಯವಸ್ಥೆಯ ದೋಷಗಳನ್ನು ತಿದ್ದುವ ಪರಿಷ್ಕರಣಗಳು ಎಷ್ಟು ವರ್ಷ ಬರುತ್ತವೆ? 2023ರಲ್ಲಿ ಗೂಗಲು ತನ್ನ ಪಿಕ್ಸೆಲ್ 8 ಫೋನಿಗೂ, ಮರುವರ್ಷ ಸ್ಯಾಮ್‌ಸಂಗು ತನ್ನ ಗ್ಯಾಲಕ್ಸಿ ಎಸ್ 24ಕ್ಕೂ ಏಳು ವರ್ಷಗಳ ವಚನ ಕೊಟ್ಟವು. ಎರಡೂ ದುಬಾರಿ ಫೋನುಗಳು. ನಮ್ಮ ಕಡೆಯ ಮನೆಗಳಲ್ಲಿ ಫೋನು ಅಣ್ಣನಿಂದ ತಮ್ಮನಿಗೆ, ತಮ್ಮನಿಂದ ಅವ್ವನಿಗೆ ದಾಟುತ್ತ ಐದಾರು ವರ್ಷ ಬಾಳುತ್ತದೆ. ಅದು ಹೆಚ್ಚಾಗಿ ಎಂಟು ಹತ್ತು ಸಾವಿರ ರೂಪಾಯಿಯ ಫೋನು.