ಇಲಿಯ ಗಾತ್ರವೂ ಎಳೆಯರ ತರ್ಕವೂ

ಎಳೆಯರಲ್ಲಿ ವೈಜ್ಞಾನಿಕ ವಿಚಾರಶಕ್ತಿ ಯಾವ ಪ್ರಾಯದಲ್ಲಿ ಅಂಕುರಿಸುತ್ತದೆಂಬ ಪ್ರಶ್ನೆಗೆ, ಜಿನೀವಾದ ಮನಶ್ಶಾಸ್ತ್ರಜ್ಞರಾದ ಬಾರ್ಬೆಲ್ ಇನ್‌ಹೆಲ್ಡರ್ ಮತ್ತು ಜೀನ್ ಪಿಯಾಜೆ 1955ರ ತಮ್ಮ ಗ್ರಂಥದಲ್ಲಿ ಕೊಟ್ಟ ಉತ್ತರವು ಬಹುಕಾಲ ಪ್ರಮಾಣವೆನಿಸಿತ್ತು. ದಾರದ ಉದ್ದ, ಗುಂಡಿನ ತೂಕ, ಅದನ್ನು ಬಿಡುವ ಎತ್ತರ, ತಳ್ಳುವ ಬಲ, ಇವುಗಳಲ್ಲಿ ಲೋಲಕದ ಆಂದೋಲನ ಕಾಲವನ್ನು ನಿರ್ಣಯಿಸುವುದು ಯಾವುದೆಂದು ಶೋಧಿಸ ಹೇಳಿದಾಗ, ಚಿಕ್ಕವರು ಎರಡು ಮೂರು ಅಂಶಗಳನ್ನು ಒಮ್ಮೆಗೇ ಬದಲಿಸಿ ತೊಡಕಿಗೆ ಸಿಕ್ಕಿದರು. ಒಂದನ್ನು ಮಾತ್ರ ಬದಲಿಸಿ ಮಿಕ್ಕವನ್ನು ಸ್ಥಿರವಾಗಿರಿಸುವ ಕ್ರಮವು ಹದಿವಯಸ್ಸಿನ ಹೊಸ್ತಿಲಿಗೆ ಬರುವ ತನಕ ಸಿದ್ಧಿಸದೆಂದು ಅವರು ನಿಶ್ಚಯಿಸಿದರು.

ಆದರೆ ಆ ಪರೀಕ್ಷೆಯು ತರ್ಕದ ಜೊತೆಗೆ ಸ್ಮರಣೆಯನ್ನೂ ತಾಳ್ಮೆಯನ್ನೂ ಕೈಚಳಕವನ್ನೂ ಅಳೆಯುತ್ತಿತ್ತಲ್ಲವೆ? ಬೆಯಾಟೆ ಸೋಡಿಯಾನ್, ಡೆಬೊರಾ ಝೈಚಿಕ್ ಮತ್ತು ಸೂಸನ್ ಕ್ಯಾರಿ 1991ರಲ್ಲಿ ಪ್ರಕಟಿಸಿದ ಪ್ರಯೋಗವು ಈ ಭಾರಗಳನ್ನೆಲ್ಲ ಇಳಿಸಿತು. ಮನೆಯೊಂದರಲ್ಲಿ ಇಲಿಯಿದೆ, ಅದು ದೊಡ್ಡದೆಂದು ಒಬ್ಬ ಸಹೋದರನ ವಾದ, ಚಿಕ್ಕದೆಂದು ಮತ್ತೊಬ್ಬನದು. ದೊಡ್ಡ ಬಾಗಿಲಿನದೊಂದು, ಕಿರಿದಾದ ಬಾಗಿಲಿನದೊಂದು, ಹೀಗೆ ಎರಡು ಪೆಟ್ಟಿಗೆಗಳು. ಇಲಿಯ ಗಾತ್ರ ತಿಳಿಯಬೇಕಾದರೆ ರಾತ್ರಿ ಆಹಾರವನ್ನು ಯಾವುದರಲ್ಲಿ ಇಡಬೇಕು? ದೊಡ್ಡ ಬಾಗಿಲಿನಲ್ಲಿ ಎಂಥ ಇಲಿಯೂ ನುಗ್ಗೀತಾದುದರಿಂದ ಅಲ್ಲಿ ಆಹಾರ ಮಾಯವಾದರೂ ಏನೂ ಸಿದ್ಧವಾಗದು. ಕಿರುಬಾಗಿಲೊಂದೇ ವಾದವನ್ನು ತೀರಿಸಬಲ್ಲದು. ಒಂದನೆಯ ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳೂ ಎರಡನೆಯ ತರಗತಿಯ ಬಹುಪಾಲು ಮಕ್ಕಳೂ ಇದನ್ನು ಅರಿತಿದ್ದರು.

ಪ್ರಯೋಗದ ನಿಜವಾದ ಚಾತುರ್ಯವು, ನನ್ನ ಮಟ್ಟಿಗೆ, ಅದರ ಜೋಡಿಪ್ರಶ್ನೆಯಲ್ಲಿದೆ: ಇಲಿ ಯಾವ ಗಾತ್ರದ್ದಾದರೂ ಅದಕ್ಕೆ ಆಹಾರ ಸಿಗಲೇಬೇಕಾದರೆ ಯಾವ ಪೆಟ್ಟಿಗೆ? ಇಲ್ಲಿ ದೊಡ್ಡ ಬಾಗಿಲೇ ಸರಿ. ಎರಡು ಪ್ರಶ್ನೆಗಳಿಗೂ ದೊಡ್ಡ ಬಾಗಿಲನ್ನೇ ತೋರುವ ಮಗುವಿಗೆ, ಫಲವನ್ನು ಪಡೆಯುವುದಕ್ಕೂ ಸತ್ಯವನ್ನು ತಿಳಿಯುವುದಕ್ಕೂ ಇರುವ ಅಂತರ ಇನ್ನೂ ತೆರೆದಿಲ್ಲ. (ಈ ಅಂತರ ತೆರೆಯದ ಪ್ರೌಢರೂ ವಿರಳರಲ್ಲವೆಂಬುದು ಬೇರೆ ಮಾತು.)

ಮ್ಯೂನಿಕ್ಕಿನಲ್ಲಿ ಮೆರಿ ಬುಲಕ್ ಮತ್ತು ಆಲ್ಬರ್ಟ್ ಝೀಗ್ಲರ್ ಒಂದೇ ಗುಂಪಿನ ಮಕ್ಕಳನ್ನು ವರ್ಷಾನುವರ್ಷ ಪರೀಕ್ಷಿಸಿ 1999ರಲ್ಲಿ ವರದಿ ಮಾಡಿದುದು ಇದಕ್ಕೆ ಪೂರಕವಾಗಿದೆ. ವಿಮಾನದ ಇಂಧನವ್ಯಯವನ್ನು ಯಾವ ಅಂಶ ಬಾಧಿಸುತ್ತದೆಂದು ಕಾಣಲು ಸ್ವತಃ ನಿಷ್ಕೃಷ್ಟ ಪ್ರಯೋಗವನ್ನು ಕಲ್ಪಿಸಲಾರದ ಮಕ್ಕಳಲ್ಲಿ ಅನೇಕರು, ಹಲವು ವಿಮಾನಗಳ ಚಿತ್ರಗಳನ್ನು ಮುಂದಿಟ್ಟಾಗ, ಒಂದೇ ಅಂಶದಲ್ಲಿ ಭೇದವಿರುವ ಜೋಡಿಯನ್ನು ಆಯ್ದರು. ರಚಿಸುವ ಶಕ್ತಿಗಿಂತ ಗುರುತಿಸುವ ಶಕ್ತಿ ಮೊದಲು ಮೊಳೆಯುವುದಾದರೆ, ರಚನೆಯನ್ನಷ್ಟೇ ಅಪೇಕ್ಷಿಸುವ ಪರೀಕ್ಷಕನಿಗೆ ಮಗುವು ಮಂದಮತಿಯಾಗಿಯೇ ತೋರುವುದು.

ಹಾಗೆಂದು ಬರಿಯ ಆಯ್ಕೆಯನ್ನು ನಂಬುವಂತೆಯೂ ಇಲ್ಲ: ಎರಡೇ ಪೆಟ್ಟಿಗೆಗಳಿರುವಲ್ಲಿ, ಏನೂ ಯೋಚಿಸದೆ ಬೆರಳು ಮಾಡಿದವರಲ್ಲಿಯೂ ಅರ್ಧದಷ್ಟು ಮಂದಿ ಗೆದ್ದಾರು. ಆದಕಾರಣ ಕಾರಣವನ್ನು ಬಾಯಿಬಿಟ್ಟು ಕೇಳಲೇಬೇಕು. ಕೇಳುವುದಕ್ಕೆ ಮಗುವಿನ ಎದುರು ಕುಳಿತು ಕಾಯುವ ಒಬ್ಬನು ಬೇಕು. ಒಂದೇ ಮಧ್ಯಾಹ್ನದಲ್ಲಿ ಇಡೀ ಶಾಲೆಯನ್ನು ಅಳೆದು ಮುಗಿಸಬೇಕೆಂಬ ವ್ಯವಸ್ಥೆಯಲ್ಲಿ ಅಂಥವನಿಗೆ ವೇಳೆಯೆಲ್ಲಿ?